ದಿನಸಿ ಅಂತ ಎದೆಹಾಲು ಮಾರುತ್ತಿದ್ದಾರೆ, ದಯವಿಟ್ಟು ತಗೊಳ್ಳಬೇಡಿ

ಆನ್‌ಲೈನ್ ದಿನಸಿ ಅಂಗಡಿಯಲ್ಲಿ ಹಾಲು, ಮೊಸರು, ಚೀಸ್ ಇರುವ ಸಾಲಿನಲ್ಲೇ ‘ದೊಡ್ಡವರಿಗಾಗಿ ತಾಯಿಹಾಲು’ ಅಂತ ಒಂದು ಪ್ಯಾಕೆಟ್ ಕಂಡರೆ ಮುಟ್ಟಬೇಡಿ. ಮನೆಯಲ್ಲಿ ಕೀಮೋಥೆರಪಿ ತಗೊಳ್ಳುತ್ತಿರುವವರು ಇದ್ದರಂತೂ ಬೇಡವೇ ಬೇಡ. ನನ್ನ ದುಡ್ಡು ಹೋಯಿತು, ಹೋಗಲಿ. ಅಣ್ಣನ ಜೀವದ ಜೊತೆ ಆಟ ಆಡಿದರಲ್ಲ, ಆ ಸಿಟ್ಟು ಮಾತ್ರ ಇಳಿಯುತ್ತಿಲ್ಲ. ಇದನ್ನು ಬರೆಯಲು ನಾಚಿಕೆ ಆಗುತ್ತಿದೆ, ಸುಳ್ಳು ಹೇಳಲ್ಲ. ಆದರೆ ನಾಚಿಕೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರೆ ಅನ್ನುವ ಧೈರ್ಯದ ಮೇಲೆಯೇ ಇವರ ವ್ಯಾಪಾರ ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣನಿಗೆ ಕೀಮೋ ನಡೆಯುತ್ತಿದೆ. ಬಾಯಿ ತುಂಬಾ ಹುಣ್ಣು. ಏನು ಕೊಟ್ಟರೂ ಸೇರಲ್ಲ, ತೂಕ ಇಳಿಯುತ್ತಲೇ ಇದೆ. ಇಂಥ ರೋಗಿ ಮನೆಯಲ್ಲಿದ್ದರೆ ಮನೆಯವರು ರಾತ್ರಿ ಹೊತ್ತು ಫೋನ್ ಹಿಡಿದುಕೊಂಡು ಏನೇನು ಹುಡುಕುತ್ತಾರೆ ಅಂತ ಅನುಭವಿಸಿದವರಿಗೆ ಗೊತ್ತು. ಹಾಗೆ ಹುಡುಕುವಾಗ ಈ ಜಾಹೀರಾತು ಬಂತು. ‘ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಹಾಲು. ಸ್ವೀಡನ್ ವಿಜ್ಞಾನಿಗಳ ಸಂಶೋಧನೆ.’ ಅದರ ಕೆಳಗೆ ಜಿಮ್‌ಗೆ ಹೋಗುವವರಿಗೆ ಇನ್ನೊಂದು ಸಾಲು, ‘ಸ್ನಾಯುಗಳಿಗೆ ಪ್ರಕೃತಿಯೇ ಕೊಟ್ಟ ಪ್ರೋಟೀನ್.’ ಕೊನೆಗೆ, ‘ಕರುವಿನ ಪಾಲಿನ ಹಾಲನ್ನು ಕುಡಿಯುತ್ತೀರಿ, ಮನುಷ್ಯರ ಹಾಲಿಗೆ ಯಾಕೆ ಹಿಂಜರಿಕೆ?’

ಆ ಕೊನೆಯ ಸಾಲು ಓದಿದಾಗ ಹೌದಲ್ವಾ ಅನ್ನಿಸಿತು. ಈಗಲೂ ನನಗೆ ಎದೆಹಾಲು ಅಂದರೆ ಅಸಹ್ಯ ಏನಿಲ್ಲ. ನನ್ನ ಜಗಳ ಹಾಲಿನ ಜೊತೆ ಇಲ್ಲ, ಅದನ್ನು ದಿನಸಿ ಅಂತ ಮಾರಿದವರ ಜೊತೆ.

ಕಣ್ಣು ಮುಚ್ಚಿಕೊಂಡು ಏನೂ ತರಿಸಲಿಲ್ಲ. ಆರ್ಡರ್ ಮಾಡುವ ಮೊದಲೇ ಚಾಟ್‌ನಲ್ಲಿ ಕೇಳಿದೆ. ಹಾಲು ಕೊಟ್ಟ ತಾಯಂದಿರ ರಕ್ತ ಪರೀಕ್ಷೆ ಆಗಿದೆಯಾ? ‘ಎಲ್ಲಾ ಆಗಿದೆ, ನಿಶ್ಚಿಂತೆಯಿಂದ ಇರಿ.’ ಪಾಶ್ಚರೈಸ್ ಮಾಡಿದ್ದೀರಾ? ‘ಪೂರ್ತಿ ಫುಡ್ ಗ್ರೇಡ್.’ ಕೀಮೋ ರೋಗಿಗೆ ಕೊಡಬಹುದಾ? ‘ಅವರಿಗೇ ಇದು ಹೆಚ್ಚು ಒಳ್ಳೆಯದು.’ ಈ ಮೂರನೆಯ ಉತ್ತರವನ್ನು ನೆನಪಿಟ್ಟುಕೊಳ್ಳಿ. ಕೀಮೋ ರೋಗಿಗೆ ಅಂತ ನಾನು ಸ್ಪಷ್ಟವಾಗಿ ಬರೆದಿದ್ದೆ. ಗೊತ್ತಿದ್ದೂ ಹೀಗೆ ಹೇಳಿದರು.

ಪೆಟ್ಟಿಗೆ ಬಂತು. ಹೊರಗಡೆ ಚೆಂದದ ಪ್ರಿಂಟ್, ಒಳಗೆ ಚಪ್ಪಟೆ ಪ್ಲಾಸ್ಟಿಕ್ ಚೀಲಗಳು. ಒಂದು ಚೀಲ ಎತ್ತಿ ಬೆಳಕಿಗೆ ಹಿಡಿದೆ. ಚೀಲವನ್ನು ಮಲಗಿಸಿ ಫ್ರೀಜ್ ಮಾಡಿದ್ದರೆ ಹಾಲು ಹಲಗೆಯ ಹಾಗೆ ಸಮವಾಗಿ ಹೆಪ್ಪುಗಟ್ಟಿರಬೇಕು. ಇದರಲ್ಲಿ ಎಲ್ಲಾ ಹಾಲೂ ಒಂದು ಮೂಲೆಗೆ ಜಾರಿ, ಓರೆಯಾಗಿ ಗಟ್ಟಿಯಾಗಿತ್ತು. ಅಂದರೆ ದಾರಿಯಲ್ಲಿ ಎಲ್ಲೋ ಕರಗಿ ಮತ್ತೆ ಫ್ರೀಜ್ ಆಗಿದೆ. ಮೇಲ್ಗಡೆ ಹಳದಿ ಕೊಬ್ಬಿನ ಗೆರೆ ಬೇರೆ. ಒಂದೊಂದು ಚೀಲದ ಮೇಲೂ ಒಂದೊಂದು ಕೈಬರಹ. ತಾರೀಖು ಇರಬೇಕಾದ ಜಾಗದಲ್ಲಿ ಮಾರ್ಕರ್‌ನಲ್ಲಿ ಗೀಚಿ ಅಳಿಸಿದ್ದಾರೆ.

ಚೀಲದ ಮೇಲೆ ‘ಡೈರಿ’ ಅಂತ ಅಂಟಿಸಿದ್ದ ಸ್ಟಿಕರ್ ಒದ್ದೆಯಾಗಿ ಅಂಚು ಎದ್ದಿತ್ತು. ಉಗುರಿನಿಂದ ಎಳೆದೆ. ಕೆಳಗೆ ಇನ್ನೊಂದು ಸ್ಟಿಕರ್. ‘ಸೋಪು ಮತ್ತು ಚರ್ಮದ ಆರೈಕೆಗೆ ಮಾತ್ರ. ಸೇವನೆಗೆ ಅಲ್ಲ.’

ಮತ್ತೊಂದು ಚೀಲ ಎಳೆದು ನೋಡಿದೆ. ಅದರಲ್ಲೂ ಅದೇ. ಸೇವನೆಗೆ ಅಲ್ಲ. ಪಕ್ಕದ ಕೋಣೆಯಲ್ಲಿ ಅಣ್ಣ, ‘ಏನು ಬಂತು?’ ಅಂತ ಕೇಳುತ್ತಿದ್ದಾನೆ. ಏನಂತ ಹೇಳಬೇಕಿತ್ತು? ಅಡುಗೆಮನೆಯಲ್ಲಿ ಕೈಯಲ್ಲಿ ಸ್ಟಿಕರ್ ಹಿಡಿದುಕೊಂಡು ನಿಂತಿದ್ದೆ, ಮೈ ಎಲ್ಲಾ ಉರಿಯುತ್ತಿತ್ತು. ಪುಣ್ಯಕ್ಕೆ ಒಂದು ಹನಿಯೂ ಅವನ ಬಾಯಿಗೆ ಹೋಗಲಿಲ್ಲ.

ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ: ‘ಅದು ಹಳೆಯ ಲೇಬಲ್, ಒಳಗಿನ ಪದಾರ್ಥ ಒಂದೇ.’ ಒಂದೇ ಅಂದರೆ? ಸೋಪಿಗೆ ಅಂತ ತಗೊಂಡ ಹಾಲನ್ನು ಕುಡಿಯಲು ಮಾರುತ್ತಿದ್ದೀರಾ? ಅದಕ್ಕೆ ಉತ್ತರ ಇಲ್ಲ. ಹಾಲು ಕೊಟ್ಟವರ ಪರೀಕ್ಷೆಯ ರಿಪೋರ್ಟ್ ಕಳಿಸಿ ಅಂದೆ. ಆಗ ಬಂದದ್ದು ನೋಡಿ: ‘ಹಸುವಿನ ಹಾಲು ಕುಡಿಯುವಾಗ ಹಸುವಿನ ರಿಪೋರ್ಟ್ ಕೇಳುತ್ತೀರಾ?’

ಕೇಳಬೇಕಾಗಿಲ್ಲ, ಯಾಕಂದರೆ ಅಲ್ಲಿ ಕೇಳುವವರು ಬೇರೆ ಇದ್ದಾರೆ. ಡೈರಿಗೆ ಬಂದ ಹಾಲನ್ನು ಕೊಬ್ಬು, ನೀರು, ಆ್ಯಂಟಿಬಯಾಟಿಕ್ ಅಂತ ಪರೀಕ್ಷೆ ಮಾಡುತ್ತಾರೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಬಿಸಿ ಮಾಡಿ ಕೂಡಲೇ ತಣ್ಣಗೆ ಮಾಡುತ್ತಾರೆ. ಆಸ್ಪತ್ರೆಗಳ ಎದೆಹಾಲು ಬ್ಯಾಂಕ್‌ಗಳಲ್ಲಂತೂ ಕೊಡುವ ತಾಯಿಗೆ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಮತ್ತೆ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಿ, ಆಮೇಲೆ ಮಗುವಿಗೆ ಕೊಡುತ್ತಾರೆ. ಇವರದ್ದು ಹಸುವಿಗೆ ಇರುವಷ್ಟು ಲೆಕ್ಕವೂ ಇಲ್ಲ. ಎದೆಹಾಲಿನಲ್ಲಿ ಎಚ್‌ಐವಿ ಹೋಗಬಹುದು, ಸಿಎಂವಿ ಅನ್ನುವ ವೈರಸ್ ಹೋಗಬಹುದು. ಗಟ್ಟಿಮುಟ್ಟಾಗಿ ಇರುವವರಿಗೆ ಸಿಎಂವಿ ಬಂದದ್ದೇ ಗೊತ್ತಾಗದೆ ಇರಬಹುದು. ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದುಹೋಗಿರುವ ಕೀಮೋ ರೋಗಿಯ ಕಥೆ ಬೇರೆ.

ವಾಪಸ್ ತಗೊಳ್ಳಿ, ದುಡ್ಡು ಕೊಡಿ ಅಂದೆ. ಇಲ್ಲಿ ಬಂದ ಉತ್ತರವನ್ನು ಹಾಗೇ ಬರೆಯುತ್ತೇನೆ. ‘ಇದು ಮಾನವ ದೇಹದ ದ್ರವ. ಆರೋಗ್ಯ ಸುರಕ್ಷತೆಯ ಕಾರಣದಿಂದ ವಾಪಸ್ ಪಡೆಯಲು ಸಾಧ್ಯವಿಲ್ಲ.’

ಮಾರುವಾಗ ದಿನಸಿ. ವಾಪಸ್ ಕೇಳಿದರೆ ದೇಹದ ದ್ರವ! ಅವರ ಗೋಡೌನ್‌ಗೆ ವಾಪಸ್ ಹೋಗಲು ಸುರಕ್ಷಿತವಲ್ಲದ್ದು ನನ್ನ ಅಣ್ಣನ ಹೊಟ್ಟೆಗೆ ಹೋಗಬಹುದಿತ್ತಾ? ಇದನ್ನೇ ಬರೆದು ಕೇಳಿದೆ. ಮತ್ತೆ ಮತ್ತೆ ಕೇಳಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಬಂತು.

ರಿವ್ಯೂ ಹಾಕುತ್ತೇನೆ ಅಂದ ಮೇಲೆ ಧಾಟಿಯೇ ಬದಲಾಯಿತು. ‘ಹಾಕಿ. ನೀವು ಏನು ತರಿಸಿದಿರಿ ಅಂತ ನಿಮ್ಮ ಪರಿಚಯದವರಿಗೂ ಗೊತ್ತಾಗಲಿ. ಮನೆಯಲ್ಲಿ ಹೇಳಿದ್ದೀರಾ?’ ಓದಿ ಒಂದು ಕ್ಷಣ ಕೈ ನಡುಗಿತು. ಎಷ್ಟು ಜನರನ್ನು ಹೀಗೆ ಹೆದರಿಸಿ ಬಾಯಿ ಮುಚ್ಚಿಸಿದ್ದಾರೋ. ಹೌದು, ತರಿಸಿದ್ದೇನೆ. ಮನೆಯಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಆ ಸ್ವೀಡನ್ ಸಂಶೋಧನೆಯ ವಿಷಯ. ಅದು ಸುಳ್ಳಲ್ಲ, ಅದೇ ಇನ್ನೂ ಸಿಟ್ಟು ತರಿಸುವ ಸಂಗತಿ. ಲುಂಡ್ ವಿಶ್ವವಿದ್ಯಾಲಯದವರು 1995ರಲ್ಲಿ ಎದೆಹಾಲಿನ ಒಂದು ಪ್ರೋಟೀನ್ ಭಾಗ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಯಿಸುವುದನ್ನು ಕಂಡರು. ಆಮೇಲೆ ಅದಕ್ಕೆ ಹ್ಯಾಮ್ಲೆಟ್ ಅಂತ ಹೆಸರಿಟ್ಟರು. ಆಲ್ಫಾ ಲ್ಯಾಕ್ಟಾಲ್ಬುಮಿನ್ ಅನ್ನುವ ಪ್ರೋಟೀನಿನ ಆಕಾರ ಬದಲಿಸಿ, ಅದಕ್ಕೆ ಓಲಿಯಿಕ್ ಆ್ಯಸಿಡ್ ಅನ್ನುವ ಕೊಬ್ಬಿನಾಮ್ಲ ಸೇರಿಸಿ ಈ ಹ್ಯಾಮ್ಲೆಟನ್ನು ಲ್ಯಾಬ್‌ನಲ್ಲಿ ತಯಾರು ಮಾಡಬೇಕು. ಮೂತ್ರಕೋಶದ ಕ್ಯಾನ್ಸರ್ ಇದ್ದವರಿಗೆ ಕೊಟ್ಟು ನೋಡಿದಾಗಲೂ ನಳಿಕೆಯಲ್ಲಿ ನೇರವಾಗಿ ಮೂತ್ರಕೋಶಕ್ಕೇ ಹಾಕಿದರು. ಲೋಟದಲ್ಲಿ ಹಾಲು ಕುಡಿಸಿ ಯಾರ ಕ್ಯಾನ್ಸರೂ ವಾಸಿ ಮಾಡಿಲ್ಲ. ಇಷ್ಟನ್ನು ಮುಚ್ಚಿಟ್ಟು ‘ಸ್ವೀಡನ್ ವಿಜ್ಞಾನಿಗಳು’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ಶಕ್ತಿಯ ಮಾತಿಗೆ ಬಂದರೆ, ಅಣ್ಣನ ಡಯಟೀಷಿಯನ್‌ಗೆ ಫೋಟೋ ತೋರಿಸಿದಾಗ ಅವರು ಕಾಗದ ತಗೊಂಡು ಬರೆದೇ ತೋರಿಸಿದರು. 100 ಮಿಲಿ ಎದೆಹಾಲಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ. ಹಸುವಿನ ಹಾಲಿನಲ್ಲಿ 3 ಗ್ರಾಂಗಿಂತ ಜಾಸ್ತಿ. ಎದೆಹಾಲಿನಲ್ಲಿ ಜಾಸ್ತಿ ಇರುವುದು ಲ್ಯಾಕ್ಟೋಸ್, ಸುಮಾರು 7 ಗ್ರಾಂ. ಲ್ಯಾಕ್ಟೋಸ್ ಅರಗದ ದೊಡ್ಡವರು ಎಷ್ಟೋ ಜನ ಇದ್ದಾರೆ, ಅವರಿಗೆ ಹೊಟ್ಟೆಯುಬ್ಬರ, ಭೇದಿ ಆಗಬಹುದು. ಪುಟ್ಟ ಮಗುವಿನ ಬೆಳವಣಿಗೆಗೆ ತಕ್ಕ ಹಾಲು ಅದು, ಜಿಮ್‌ನಲ್ಲಿ ಭಾರ ಎತ್ತುವವರ ಸ್ನಾಯುವಿಗೆ ಅದರಿಂದ ಏನೂ ಆಗಲ್ಲ. ‘ಕಾಯಿಸದ ಹಾಲನ್ನು ಯಾವ ಪ್ರಾಣಿಯದ್ದೇ ಆಗಲಿ ಇವರಿಗೆ ಕೊಡಬೇಡಿ ಅಂತ ಮೊದಲೇ ಹೇಳಿದ್ದೆನಲ್ಲ’ ಅಂದರು. ತಲೆ ತಗ್ಗಿಸಿ ಕೂತಿದ್ದೆ.

ಆಮೇಲೆ ಓದಿದೆ, ಇದೆಲ್ಲ ಹೊಸದೇನಲ್ಲ. ಅಮೆರಿಕದಲ್ಲಿ ಸಂಶೋಧಕರು ಇಂಟರ್ನೆಟ್‌ನಲ್ಲಿ ಎದೆಹಾಲು ಕೊಂಡು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದ್ದರು. 101 ಸ್ಯಾಂಪಲ್‌ಗಳಲ್ಲಿ ಶೇಕಡಾ 74ರಷ್ಟರಲ್ಲಿ ಇರಬಾರದ ಬ್ಯಾಕ್ಟೀರಿಯಾ ಇತ್ತು, ಇಲ್ಲವೇ ಬ್ಯಾಕ್ಟೀರಿಯಾ ವಿಪರೀತ ಇತ್ತು. 2015ರಲ್ಲಿ ಅದೇ ತಂಡ ಇನ್ನೊಂದು ಫಲಿತಾಂಶ ಕೊಟ್ಟಿತು. 102 ಸ್ಯಾಂಪಲ್‌ಗಳಲ್ಲಿ 10ರಲ್ಲಿ ಹಸುವಿನ ಹಾಲು ಬೆರೆಸಿದ್ದರು! ಬರಿಗಣ್ಣಿಗೆ ಗೊತ್ತಾಗುತ್ತಾ? ನಾನು ಕೈಯಲ್ಲಿ ಹಿಡಿದಿದ್ದ ಆ ಚೀಲದಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ದೊಡ್ಡವರು ಇದನ್ನೆಲ್ಲ ಕೊಳ್ಳುತ್ತಾರಾ ಅಂತ ಕೇಳುವವರಿಗೆ ಹೇಳುತ್ತೇನೆ, ಕೊಳ್ಳುತ್ತಾರೆ. 2011ರಲ್ಲಿ ಲಂಡನ್‌ನ ಒಂದು ಅಂಗಡಿ ಎದೆಹಾಲಿನ ಐಸ್‌ಕ್ರೀಮ್ ಇಟ್ಟಾಗ ಮೊದಲ ಸಲ ಮಾಡಿದ್ದೆಲ್ಲ ಬೇಗ ಖಾಲಿಯಾಯಿತು. ಆಮೇಲೆ ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನವರು ಬಂದು ಪರೀಕ್ಷೆಗೆ ಅಂತ ಎತ್ತಿಕೊಂಡು ಹೋದರು. ಅದು ಕುತೂಹಲಕ್ಕೆ ಒಂದು ಸಲ ತಿಂದವರ ಕಥೆ. ಕುತೂಹಲಕ್ಕೆ ಕೊಂಡವರು ಮತ್ತೆ ಬರಲ್ಲ. ಮತ್ತೆ ಮತ್ತೆ ಬರುವುದು ನನ್ನಂಥವರು, ಮನೆಯಲ್ಲಿ ಕಾಯಿಲೆ ಇರುವವರು. ಅದು ಇವರಿಗೆ ಚೆನ್ನಾಗಿ ಗೊತ್ತು. ಜಾಹೀರಾತು ಬರೆದಿರುವ ರೀತಿಯಲ್ಲೇ ಅದು ಕಾಣುತ್ತದೆ.

ಇನ್ನೊಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಪೂರ್ತಿ ಎದೆಹಾಲು ಕುಡಿಸುವ ತಾಯಿಗೆ ದಿನಕ್ಕೆ ಹೆಚ್ಚುಕಡಿಮೆ 750 ಮಿಲಿ ಹಾಲು ಬರುತ್ತದೆ. ಅದು ಒಂದು ಮಗುವಿನ ಇಡೀ ದಿನದ ಊಟ. ದಿನಸಿಯ ಹಾಗೆ ಲೀಟರ್‌ಗಟ್ಟಲೆ ಮಾರಬೇಕಾದರೆ ಅಷ್ಟು ಹಾಲು ಎಲ್ಲಿಂದ ಬರುತ್ತೆ? ಕಾಂಬೋಡಿಯಾದ ಬಡ ತಾಯಂದಿರಿಂದ ಕೊಂಡು ಅಮೆರಿಕದ ಒಂದು ಕಂಪನಿ ತನ್ನ ದೇಶದಲ್ಲಿ ಮಾರುತ್ತಿತ್ತು. 2017ರಲ್ಲಿ ಕಾಂಬೋಡಿಯಾ ಸರ್ಕಾರ ಎದೆಹಾಲಿನ ರಫ್ತನ್ನೇ ನಿಲ್ಲಿಸಿತು. ನನ್ನ ಪೆಟ್ಟಿಗೆಯಲ್ಲಿದ್ದ ಆ ಬೇರೆ ಬೇರೆ ಕೈಬರಹಗಳು ಯಾರದ್ದು? ಕೊಟ್ಟವರಿಗೆ ಏನಂತ ಹೇಳಿ ತಗೊಂಡಿದ್ದರು, ಸೋಪಿಗೆ ಅಂತಲೇ? ಅವಧಿಗೆ ಮುಂಚೆ ಹುಟ್ಟಿ ಆಸ್ಪತ್ರೆಯಲ್ಲಿರುವ ಕೂಸುಗಳಿಗೆ ಹೋಗಬಹುದಾಗಿದ್ದ ಹಾಲನ್ನು ನಾನು ಸಿಂಕ್‌ಗೆ ಸುರಿದೆ. ಸುರಿಯದೆ ಬೇರೆ ದಾರಿ ಇರಲಿಲ್ಲ.

ಯಾರಾದರೂ ಇಂಥದ್ದನ್ನು ನೋಡುತ್ತಿದ್ದರೆ, ದುಡ್ಡು ಕಟ್ಟುವ ಮೊದಲು ಪರೀಕ್ಷೆಯ ರಿಪೋರ್ಟ್ ಕೇಳಿ, ಹಾಲು ತೆಗೆದ ತಾರೀಖು ಕೇಳಿ, ವಾಪಸಾತಿ ನಿಯಮ ಓದಿ. ‘ಫುಡ್ ಗ್ರೇಡ್’ ಅಂತ ಜಾರಿಕೊಂಡರೆ ಅಲ್ಲಿಗೇ ಬಿಟ್ಟುಬಿಡಿ. ರೋಗಿಗೆ ಕೊಡುವುದಾದರೆ ಡಾಕ್ಟರ್‌ಗೆ ಹೇಳದೆ ಏನೂ ಬೇಡ. ಹಾಲು ಜಾಸ್ತಿ ಇರುವ ತಾಯಂದಿರು ದಯವಿಟ್ಟು ಆಸ್ಪತ್ರೆಯ ಹಾಲು ಬ್ಯಾಂಕ್‌ಗೆ ಕೊಡಿ, ಇವರ ಕೈಗೆ ಕೊಡಬೇಡಿ.

ದೂರು ಕೊಟ್ಟ ಮೇಲೆ ಆ ಪ್ಯಾಕೆಟ್ ಅಂಗಡಿಯಿಂದ ಮಾಯವಾಯಿತು. ಈಗ ಬೇರೆ ಹೆಸರು, ಬೇರೆ ಫೋಟೋ ಹಾಕಿಕೊಂಡು ಮತ್ತೆ ಬಂದಿದೆ. ಸ್ವೀಡನ್ ವಿಜ್ಞಾನಿಗಳ ಸಾಲು ಮಾತ್ರ ಒಂದಕ್ಷರ ಬದಲಾಗಿಲ್ಲ. ಆ ಸಾಲಿನಿಂದಲೇ ಗುರುತು ಹಿಡಿಯಬಹುದು. ಚಾಟ್‌ನ ಸ್ಕ್ರೀನ್‌ಶಾಟ್‌ಗಳನ್ನೂ ಎರಡೂ ಸ್ಟಿಕರ್‌ಗಳ ಫೋಟೋಗಳನ್ನೂ ಇಟ್ಟುಕೊಂಡಿದ್ದೇನೆ. ಇವರಿಂದಲೇ ಮೋಸ ಹೋಗಿ ದೂರು ಕೊಡಬೇಕು ಅಂತಿರುವವರು ಕೇಳಿ, ಕಳಿಸುತ್ತೇನೆ.