ಮಗನ ಥೆರಪಿ ಖರ್ಚು: ನಿರಾಮಯ, ಸರ್ಕಾರಿ ಕೇಂದ್ರ, ಪಿಂಚಣಿ, ಚಂದಾ - ಯಾವುದು ಎಷ್ಟು ಕೈ ಹಿಡೀತು?

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಗು ಮನೆಯಲ್ಲಿದ್ದರೆ ಆಪರೇಷನ್‌ಗಿಂತ ಥೆರಪಿ ಖರ್ಚೇ ದೊಡ್ಡ ತಲೆನೋವು. ಆಪರೇಷನ್ ಒಂದು ಸಲಕ್ಕೆ ಮುಗಿಯುತ್ತದೆ. ಫಿಸಿಯೋ, ಸ್ಪೀಚ್ ಥೆರಪಿ ಪ್ರತಿ ವಾರ, ವರ್ಷಗಟ್ಟಲೆ. ಹಾಗಾಗಿ ಯಾವ ನೆರವು ಬಂದರೂ ನಾವು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇದು ಮುಂದಿನ ವರ್ಷವೂ ಇರುತ್ತಾ?

ಎಲ್ಲರೂ ಮೊದಲು ಹೇಳುವ ಹೆಸರು ನಿರಾಮಯ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷದವರೆಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ - ಈ ನಾಲ್ಕಕ್ಕೆ ಮಾತ್ರ. ಸೇರುವಾಗ ಬಿಪಿಎಲ್‌ನವರಿಗೆ 250, ಉಳಿದವರಿಗೆ 500 ರೂಪಾಯಿ. ಆಮೇಲೆ ನವೀಕರಣಕ್ಕೆ 50 ಮತ್ತು 250. ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಿ ಅಂತ ಕೇಳುವುದಿಲ್ಲ. ಹೊರರೋಗಿಯಾಗಿ ಮಾಡಿಸುವ ಥೆರಪಿಗೂ ದುಡ್ಡು ಕೊಡುವ ಇಂಥ ವಿಮೆ ಸಿಗೋದು ಅಪರೂಪ. ಆದರೆ ಆ 1 ಲಕ್ಷದಲ್ಲಿ ಹೆಚ್ಚಿನ ಪಾಲು ಆಸ್ಪತ್ರೆ ವಾಸಕ್ಕೆ. ಥೆರಪಿಗೆ ಅಂತ ಒಳಗೆ ಬೇರೆ ಚಿಕ್ಕ ಮಿತಿ ಇದೆ. ವಾರಕ್ಕೆ ನಾಲ್ಕೈದು ಸಿಟ್ಟಿಂಗ್ ಮಾಡಿಸುವವರಿಗೆ ಅದು ವರ್ಷಪೂರ್ತಿ ಸಾಲುವ ಮಾತೇ ಇಲ್ಲ.

ಅದೂ ಮೊದಲು ನಾವು ಕಟ್ಟಬೇಕು, ಆಮೇಲೆ ವಾಪಸ್ ಕೇಳಬೇಕು. ನಮ್ಮ ಮೊದಲ ಕ್ಲೇಮ್ ತಿರುಗಿ ಬಂತು. ಖಾಸಗಿ ಸೆಂಟರ್‌ನವರು ಕೊಟ್ಟ ಬಿಲ್ಲಿನಲ್ಲಿ ಇದ್ದದ್ದು 'ಫಿಸಿಯೋ ಚಾರ್ಜಸ್' ಅನ್ನೋ ಒಂದೇ ಸಾಲು, ಕೆಳಗೆ ತಿಂಗಳ ಮೊತ್ತ, ಒಂದು ಗೀಚು ಸಹಿ. ಯಾವ ದಿನ, ಯಾವ ಥೆರಪಿ, ಮಾಡಿದವರ ನೋಂದಣಿ ಸಂಖ್ಯೆ ಏನು, ಯಾವುದೂ ಇರಲಿಲ್ಲ. ಈಗ ತಾರೀಖುವಾರು ಬಿಲ್ಲು, ಸೀಲು, ಥೆರಪಿ ಬೇಕು ಅಂತ ಡಾಕ್ಟರ್ ಬರೆದ ಚೀಟಿ, ಮೂರೂ ಕೈಗೆ ಬಂದ ಮೇಲೇ ದುಡ್ಡು ಕೊಡುತ್ತೇನೆ. ಅಷ್ಟು ಗಟ್ಟಿಯಾಗದಿದ್ದರೆ ಆಗಲ್ಲ ಬಿಡಿ.

ಇದಕ್ಕೆ ಹೋಲಿಸಿದರೆ ಫೀಸು ಇಲ್ಲದ ಇಲ್ಲವೇ ಕಡಿಮೆ ಇರುವ ಕಡೆ ಹೋಗೋದು ಎಷ್ಟೋ ವಾಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಎಲ್ಲರೂ ಆಯಿಷ್ ಅನ್ನುತ್ತಾರೆ. 1965ರಿಂದ ಇದೆ, ಕೇಂದ್ರ ಸರ್ಕಾರದ್ದು. ಆದಾಯ ಕಡಿಮೆ ಇದ್ದವರಿಗೆ ಅಲ್ಲಿ ರಿಯಾಯಿತಿ ಸಿಗುತ್ತದೆ. ನಮ್ಮೂರಿಂದ ಬಸ್ಸಲ್ಲಿ ಗಂಟೆ ದಾರಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಟಿಕೆಟ್ ಖರ್ಚು ನಿಂತಿತು. ಮಗನಿಗೆ ಅಂಗವಿಕಲರ ಬಸ್ ಪಾಸ್, ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಮೊದಲೆಲ್ಲಾ ಥೆರಪಿ ಫೀಸಿಗಿಂತ ಆಟೋ, ಬಸ್ಸಿಗೇ ಜಾಸ್ತಿ ಹೋಗ್ತಿತ್ತು ನೋಡಿ.

ಹಾಗಂತ ಇದೂ ಪೂರ್ತಿ ಪುಕ್ಕಟೆ ಅಲ್ಲ. ಅಲ್ಲಿಗೆ ಹೋದ ದಿನ ನನ್ನ ಟೈಲರಿಂಗ್ ನಿಲ್ಲುತ್ತದೆ. ವಾರಕ್ಕೆ ಅಷ್ಟು ಸಲ ಓಡಾಡೋಕೂ ಆಗಲ್ಲ. ಹಾಗಾಗಿ ಅಲ್ಲಿ ತೋರಿಸಿಕೊಟ್ಟಿದ್ದನ್ನು ಮನೆಯಲ್ಲಿ ಮಾಡಿಸುತ್ತೇವೆ. ಮಗನನ್ನು ಚಾಪೆ ಮೇಲೆ ಮಲಗಿಸಿ ಕಾಲಿನ ಹಿಂಭಾಗದ ಸ್ನಾಯು ಎಳೆಯುವಾಗ ಒಂದು ಕೈ ಮಂಡಿ ಮೇಲಿರಬೇಕು, ಇನ್ನೊಂದು ಹಿಮ್ಮಡಿ ಹಿಡಿದಿರಬೇಕು. ಇದನ್ನು ನನ್ನ ಕೈಯಲ್ಲೇ ಮಾಡಿಸಿ ಕಲಿಸಿದರು. ಖಾಸಗಿ ಸೆಂಟರಿನಲ್ಲಿ ನನ್ನನ್ನು ಬಾಗಿಲ ಹೊರಗೆ ಕೂರಿಸುತ್ತಿದ್ದರು.

ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅಂತ ಮಕ್ಕಳ ತೊಂದರೆಯನ್ನು ಬೇಗ ಪತ್ತೆ ಮಾಡಿ ಥೆರಪಿ ಕೊಡುವ ಕೇಂದ್ರಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು, ಹಣ ತಗೊಳ್ಳಲ್ಲ. ಚಿಕ್ಕ ಮಕ್ಕಳಿಗೆ ತುಂಬಾ ಒಳ್ಳೇದು. ನಾವು ಹೋಗುತ್ತಿದ್ದ ಕಡೆ ಫಿಸಿಯೋ ಹುದ್ದೆ ಎಷ್ಟೋ ತಿಂಗಳು ಖಾಲಿ ಇತ್ತು. ನಿಮ್ಮ ಜಿಲ್ಲೆಯಲ್ಲಿ ಆ ಹುದ್ದೆ ತುಂಬಿದ್ದರೆ ಬೇರೆ ಕಡೆ ಅಲೆಯಬೇಡಿ. ಸರ್ಕಾರಿ ಶಾಲೆಗೆ ಸೇರಿಸಿದ ಮೇಲೆ ಬಿಐಇಆರ್‌ಟಿ ಮೇಷ್ಟ್ರನ್ನೂ (ವಿಶೇಷ ಅಗತ್ಯದ ಮಕ್ಕಳಿಗೆ ಅಂತಲೇ ಇರುವ ಶಿಕ್ಷಕರು) ಕೇಳಿ ನೋಡಿ.

ಅಂಗವಿಕಲರ ಪಿಂಚಣಿ ಮತ್ತು ತೆರಿಗೆ ವಿನಾಯಿತಿ ಒಂದೇ ಮನೆಗೆ ಒಟ್ಟಿಗೆ ಬರೋದು ಕಷ್ಟ. ಪಿಂಚಣಿಯ ಆದಾಯ ಮಿತಿ ತೀರಾ ಕಡಿಮೆ. ನಮ್ಮೆಜಮಾನ್ರ ಸಂಬಳದ ಚೀಟಿ ನೋಡಿದ ತಕ್ಷಣ ನಾಡಕಚೇರಿಯಲ್ಲಿ 'ನಿಮಗೆ ಬರಲ್ಲಮ್ಮ' ಅಂದರು. ಥೆರಪಿಗೆ ಬರುವ ಇನ್ನೊಬ್ಬ ತಾಯಿ, ಗಾರೆ ಕೆಲಸದವರ ಮನೆಯಾಕೆ, ಅರ್ಜಿ ಹಾಕಿದರು. ವೈಕಲ್ಯ ಶೇಕಡಾ 40 ಅಥವಾ ಹೆಚ್ಚಿದ್ದರೆ ತಿಂಗಳಿಗೆ 800 ರೂಪಾಯಿಯಿಂದ ಶುರು, ಪ್ರಮಾಣ ಏರಿದ ಹಾಗೆ ಮೊತ್ತವೂ ಏರುತ್ತದೆ. ಚಿಕ್ಕ ಮೊತ್ತ ನಿಜ, ಆದರೆ ಬಿಲ್ಲು ಕೇಳದೆ ಖಾತೆಗೆ ಬರುತ್ತದೆ. ಆಕೆಗೆ ನಿರಾಮಯಕ್ಕಿಂತ ಇದೇ ವಾಸಿ.

ನಮಗೆ ಕೆಲವು ವರ್ಷ ಅನುಕೂಲ ಆಗಿದ್ದು 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ, ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಇದ್ದ ತೆರಿಗೆ ವಿನಾಯಿತಿ. ಖರ್ಚು ಎಷ್ಟೇ ಆಗಿರಲಿ, ಆದಾಯದಲ್ಲಿ 75,000 ಕಡಿತ. ವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000. ಶೇಕಡಾ 20ರ ಸ್ಲ್ಯಾಬಿನಲ್ಲಿ 75,000ಕ್ಕೆ ಸೆಸ್ ಸೇರಿ 15,600 ಉಳಿತಾಯ. ಸೆರೆಬ್ರಲ್ ಪಾಲ್ಸಿಗೆ ಫಾರಂ 10-ಐಎ ಬೇಕಿತ್ತು. ಇದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದ ಕಾರಣ ನಮ್ಮಂಥ ಸಂಬಳದವರಿಗೆ ಇದರ ಉಪಯೋಗ ಮುಗಿದ ಹಾಗೆ.

ಆಯುಷ್ಮಾನ್ ಕಾರ್ಡ್ ಬಗ್ಗೆ ಹೆಚ್ಚು ಹೇಳೋದಿಲ್ಲ. 5 ಲಕ್ಷ ಅಂತಾರೆ, ಅದು ಆಸ್ಪತ್ರೆಗೆ ದಾಖಲಾದಾಗ ಬರುವ ಕಾರ್ಡು. ವಾರದ ಥೆರಪಿಗೆ ತೋರಿಸಿ ಪ್ರಯೋಜನವಿಲ್ಲ.

ಕೊನೆಗೆ ಆನ್‌ಲೈನ್ ಚಂದಾ. ನಮ್ಮ ಭಾವನ ಒತ್ತಾಯಕ್ಕೆ ಒಂದು ಪುಟ ಮಾಡಿಸಿದೆವು. ಆ ವೆಬ್‌ಸೈಟಿನವರು ಆಸ್ಪತ್ರೆಯ ಎಸ್ಟಿಮೇಟ್ ಕೇಳಿದರು. ಮುಗಿಯುವ ದಿನವೇ ಇಲ್ಲದ ಥೆರಪಿಗೆ ಯಾರು ಎಸ್ಟಿಮೇಟ್ ಬರೆದುಕೊಡ್ತಾರೆ? ಹೇಗೋ ಒಂದು ಪತ್ರ ಹೊಂದಿಸಿದರೆ, ಫೋನಿನಲ್ಲಿದ್ದ ಹುಡುಗ 'ಮಗು ಅಳ್ತಿರೋ ಫೋಟೋ ಇದ್ರೆ ಕಳಿಸಿ ಮೇಡಂ' ಅಂದ. ಕಳಿಸಲಿಲ್ಲ. ಬಂದ ದುಡ್ಡು ಬಹುಪಾಲು ನೆಂಟರದ್ದು, ಎಜಮಾನ್ರ ಆಫೀಸಿನವರದ್ದು. ಅವರನ್ನೇ ಮತ್ತೆ ಮುಂದಿನ ವರ್ಷ ಕೇಳೋಕಾಗುತ್ತಾ? ತುರ್ತು ಆಪರೇಷನ್‌ಗೆ ಸರಿ, ಥೆರಪಿಗೆ ನಾನು ಯಾರಿಗೂ ಈ ದಾರಿ ಹೇಳಲ್ಲ.

ಇವುಗಳಲ್ಲಿ ಯಾವುದಕ್ಕೆ ಓಡಾಡುವ ಮೊದಲೂ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮತ್ತು ಅಂಗವೈಕಲ್ಯ ಸರ್ಟಿಫಿಕೇಟಿನ ತಾರೀಖು ನೋಡಿಕೊಳ್ಳಿ. ಮಕ್ಕಳಿಗೆ ಕೊಡೋದು ಎಷ್ಟೋ ಸಲ ತಾತ್ಕಾಲಿಕ ಸರ್ಟಿಫಿಕೇಟು. ಅದರ ಅವಧಿ ಮುಗಿದರೆ ಪಾಸು, ಪಿಂಚಣಿ, ನಿರಾಮಯ ಎಲ್ಲಕ್ಕೂ ಒಟ್ಟಿಗೆ ಕುತ್ತು. ನಿರಾಮಯದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಜನವರಿಯಲ್ಲೇ ಕಾಗದ ಪತ್ರ ತೆಗೆದಿಟ್ಟುಕೊಳ್ಳಿ.