ಬಾಂಜುಕೆಯೋ, ತೆಗಾತಾವೋ? ನನ್ನ ಸುಮೋ ಪೆಟ್ಟಿಗೆಯ ಲೆಕ್ಕ

ಟೋಕಿಯೋದ ರ್ಯೋಗೊಕು ಸ್ಟೇಷನ್ ಹತ್ತಿರದ ಕೊಕುಗಿಕಾನ್ ರಸ್ತೆಯಲ್ಲಿ ಫುಟ್‌ಪಾತ್ ಬದಿಗೆ ಕಂಚಿನ ಪುಟ್ಟ ಸುಮೋ ಬೊಂಬೆಗಳಿವೆ. ಅವುಗಳ ಪೀಠದಲ್ಲಿ ಹಿಂದಿನ ಯೊಕೊಜುನಾಗಳ, ಅಂದರೆ ಸುಮೋದ ಎಲ್ಲಕ್ಕೂ ಮೇಲಿನ ದರ್ಜೆಯ ಪೈಲ್ವಾನರ, ಅಂಗೈ ಅಚ್ಚು. ಬಂದವರೆಲ್ಲ ಮಾಡುವುದು ಒಂದೇ ಕೆಲಸ. ಯಾರಾದರೂ ನೋಡ್ತಿದ್ದಾರಾ ಅಂತ ಸುತ್ತ ಕಣ್ಣಾಡಿಸಿ, ತಮ್ಮ ಕೈಯನ್ನು ಆ ಅಚ್ಚಿನ ಮೇಲೆ ಇಡುವುದು. ನಾನೂ ಇಟ್ಟೆ. ನನ್ನ ಕಿರುಬೆರಳಿನ ಆಚೆಗೆ ಇನ್ನೊಂದು ಬೆರಳಿನಷ್ಟು ಜಾಗ ಮಿಕ್ಕಿತ್ತು. ಸುಮೋ ವಸ್ತುಗಳನ್ನು ಕೂಡಿಡುವ ಈ ಹುಚ್ಚು ಹತ್ತಿದ್ದು ಅಲ್ಲೇ.

ಮೈಸೂರಿನಲ್ಲಿ ನಮ್ಮ ಬೀದಿಯ ತುದಿಗೇ ಗರಡಿ ಇತ್ತು. ದಸರಾ ಹತ್ತಿರ ಬಂದರೆ ಜೋಡಿ ಕಟ್ಟುವ ಸುದ್ದಿ, ಯಾರ ಮೇಲೆ ಯಾರು ಅನ್ನುವ ಜಗಳ, ಗೋಡೆಗೋಡೆಗೂ ಪೈಲ್ವಾನರ ಪೋಸ್ಟರ್. ಹಬ್ಬ ಮುಗಿದ ವಾರಕ್ಕೆ ಆ ಪೋಸ್ಟರ್‌ಗಳನ್ನು ಹಸು ಕಿತ್ತು ತಿನ್ನುತ್ತಿತ್ತು. ಯಾರೂ ಎತ್ತಿಡಲಿಲ್ಲ, ನಾನೂ ಎತ್ತಿಡಲಿಲ್ಲ. ಕೆಲಸಕ್ಕೆ ಅಂತ ಟೋಕಿಯೋಗೆ ಬಂದು ನಿಶಿ-ಕಸಾಯ್‌ನಲ್ಲಿ ಮನೆ ಮಾಡಿದ ಮೇಲೆ ಟೀವಿಯಲ್ಲಿ ಸುಮೋ ನೋಡೋಕೆ ಶುರು ಮಾಡಿದೆ. ಇಲ್ಲಿ ನೋಡಿದರೆ ಕುಸ್ತಿಗೆ ಸಂಬಂಧಪಟ್ಟ ಚೂರುಪಾರು ಕಾಗದವನ್ನೂ ಜನ ಜೋಪಾನ ಮಾಡುತ್ತಾರೆ. ಕೊಕುಗಿಕಾನ್ ಅನ್ನುವ ಸುಮೋ ಕ್ರೀಡಾಂಗಣದ ಒಳಗೇ ಒಂದು ಸುಮೋ ಮ್ಯೂಸಿಯಂ ಇದೆ. 1954ರಲ್ಲಿ ಶುರುವಾಗಿದ್ದು. ಸಕಾಯ್ ತದಮಸ ಅನ್ನುವವರು ಕೂಡಿಟ್ಟ ವಸ್ತುಗಳೇ ಅದಕ್ಕೆ ಬುನಾದಿ. ಹಾಗಾಗಿ ನನ್ನದೇನೂ ಹೊಸ ಹುಚ್ಚಲ್ಲ.

ಇಷ್ಟು ವರ್ಷದಲ್ಲಿ ನಾಲ್ಕೈದು ಬಗೆ ಕೂಡಿಸಿ ನೋಡಿದ್ದೇನೆ. ಯಾವುದು ಮೇಲು ಅಂತ ಗೆಳೆಯರು ಕೇಳುತ್ತಾರೆ. ನಾನು ಅಳೆಯುವುದು ಹೀಗೆ: ದುಡ್ಡೆಷ್ಟು, ಮೋಸ ಹೋಗುವ ಭಯ ಎಷ್ಟು, ಎರಡು ಕೋಣೆಯ ಮನೆಯಲ್ಲಿ ಎಲ್ಲಿಡೋದು, ಆಮೇಲೆ ವರ್ಷದಲ್ಲಿ ಎಷ್ಟು ಸಲ ಹೊರಗೆ ತೆಗೆದು ನೋಡುತ್ತೇನೆ. ಕೊನೆಯದಕ್ಕೇ ನನ್ನಲ್ಲಿ ಜಾಸ್ತಿ ಮಾರ್ಕ್ಸು.

ಮೊದಲು ತೆಗಾತಾ, ಅಂದರೆ ಅಂಗೈ ಅಚ್ಚು. ಎಲ್ಲರಿಗೂ ಮೊದಲು ಬೇಕೆನಿಸುವುದು ಇದೇ. ಶಿಕಿಶಿ ಅಂತ ಒಂದು ದಪ್ಪ ಚೌಕದ ರಟ್ಟು ಬರುತ್ತದೆ, ಅಂಚಿಗೆ ಚಿನ್ನದ ಬಣ್ಣದ ಗೆರೆ. ರಿಕಿಶಿ, ಅಂದರೆ ಸುಮೋ ಪೈಲ್ವಾನ, ತನ್ನ ಕೈಗೆ ಕಪ್ಪು ಇಲ್ಲವೇ ಕೆಂಪು ಶಾಯಿ ಹಚ್ಚಿ ಒತ್ತುತ್ತಾನೆ, ಪಕ್ಕದಲ್ಲಿ ಕುಂಚದಿಂದ ತನ್ನ ಕುಸ್ತಿ ಹೆಸರು ಬರೆಯುತ್ತಾನೆ. ಎಲ್ಲರೂ ಹೀಗೆ ಒತ್ತಿಕೊಡುವ ಹಾಗಿಲ್ಲ. ಜೂರ್ಯೊ ದರ್ಜೆ ಮತ್ತು ಅದರ ಮೇಲಿನ ಮಕುಉಚಿ, ಈ ಎರಡರಲ್ಲಿರುವ 70 ಮಂದಿಗೆ ಸೆಕಿತೊರಿ ಅನ್ನುತ್ತಾರೆ. ಸುಮಾರು 600 ರಿಕಿಶಿಗಳಲ್ಲಿ ತೆಗಾತಾ ಕೊಡುವ ಹಕ್ಕು ಈ 70 ಮಂದಿಗೆ ಮಾತ್ರ. ಅದೂ ಹೆಚ್ಚಾಗಿ ಸೇರುವುದು ಅವರ ಬೆಂಬಲಿಗರ ಕೈಗೆ.

ನಾನು ಮಾಡಿದ್ದೇನು? ಆನ್‌ಲೈನ್ ಹರಾಜಿನಲ್ಲಿ ‘ಅಸಲಿ’ ಅಂತ ಬರೆದಿದ್ದನ್ನು ನಂಬಿ 9,000 ಯೆನ್ ಕೊಟ್ಟೆ. ಪಾರ್ಸೆಲ್ ಬಂದ ಸಂಜೆಯೇ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. “ಅಷ್ಟು ದುಡ್ಡು ಸುರಿದು ಯಾರದೋ ಕೈ ಗುರುತು ತಂದ್ಯಾ? ನಮ್ಮನೆ ಬಾಗಿಲಿಗೆ ನಾನೇ ಹಾಕ್ಕೊಡ್ತಿದ್ನಲ್ಲೇ” ಅಂದರು. ನಗು ಮುಗಿದ ಮೇಲೆ ಭೂತಗನ್ನಡಿ ಹಿಡಿದೆ. ಹೆಬ್ಬೆರಳಿನ ಬುಡದಲ್ಲಿ ಕಪ್ಪು ತೆಳುವಾಗುವ ಕಡೆ ಸಾಲುಸಾಲು ಚುಕ್ಕೆ. ಪೇಪರಿನಲ್ಲಿ ಅಚ್ಚಾದ ಫೋಟೊದಲ್ಲಿ ಇರುತ್ತವಲ್ಲ, ಅದೇ ಚುಕ್ಕೆ. ಕೈ ಒತ್ತಿದ್ದಲ್ಲ, ಮೆಷಿನ್ ಒತ್ತಿದ್ದು. ಮಾರಿದವರಿಗೆ ಬರೆದೆ. ವಾಪಸ್ ತಗೊಳ್ಳಲ್ಲ ಅಂತ ಎರಡು ಸಾಲಿನ ಉತ್ತರ ಬಂತು.

ಅಚ್ಚು ಹಾಕಿದ ತೆಗಾತಾ ಅಂದರೆ ಮೋಸದ ಮಾಲು ಅಂತಲೂ ಅಲ್ಲ. ಪ್ರತಿ ಅಂತ ಹೇಳಿಯೇ, ನೆನಪಿಗೆ ಅಂತ ಕಡಿಮೆ ಬೆಲೆಗೆ ಮಾರುತ್ತಾರೆ. ಅದನ್ನು ತಿಳಿದು ಕೊಂಡರೆ ಏನೂ ತಪ್ಪಿಲ್ಲ. ತಪ್ಪಾಗುವುದು ಅದಕ್ಕೆ ಅಸಲಿಯ ರೇಟು ಕೊಟ್ಟಾಗ.

ಅಸಲಿ ಒಂದು ಆಮೇಲೆ ಸಿಕ್ಕಿತು, ದುಡ್ಡಿಲ್ಲದೆ. ಆಫೀಸಿನಲ್ಲಿ ರಿಟೈರ್ ಆಗುತ್ತಿದ್ದ ಹಿರಿಯರೊಬ್ಬರು, “ನಮ್ಮಪ್ಪನ ಕಾಲದ್ದು, ನಮ್ಮ ಮನೇಲಿ ಇದನ್ನು ನೋಡೋರು ಯಾರೂ ಇಲ್ಲ” ಅಂತ ಕೊಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಭೂತಗನ್ನಡಿಯೇ ಬೇಡ. ಅಸಲಿಯಲ್ಲಿ ಅಂಗೈ ನಡುವಿನ ಹಳ್ಳ ಶಾಯಿ ತಾಗದೆ ಬೆಳ್ಳಗೆ ಉಳಿದಿದೆ. ಬೆರಳ ತುದಿಗಳಲ್ಲಿ ಶಾಯಿ ಒತ್ತಿ ಹೊರಗೆ ಬಂದು ಗಟ್ಟಿ ಅಂಚು ಕಟ್ಟಿದೆ. ಹೆಸರಿನ ಒಂದು ಗೆರೆ ಕಿರುಬೆರಳಿನ ಅಚ್ಚನ್ನು ದಾಟುತ್ತದೆ. ದಾಟಿದ ಕಡೆ ಕಪ್ಪಿನ ಮೇಲೆ ಕಪ್ಪು ಬೇರೆಯಾಗಿ ಹೊಳೆಯುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಹೊಳಪು ಅದು.

ಆದರೂ ನಿಜ ಹೇಳಬೇಕಂದರೆ, ತೆಗಾತಾವನ್ನು ನಾನು ತೆಗೆದು ನೋಡುವುದು ವರ್ಷಕ್ಕೆ ಎರಡು ಸಲ. ಕೈ ನೋಡಿದರೆ ಮೇಲೆ ಕೈ ಇಡಬೇಕೆನಿಸುತ್ತದೆ. ಅಸಲಿಯ ಮೇಲೆ ಇಡುವ ಹಾಗಿಲ್ಲ, ಬೆವರು ತಾಗಿದರೆ ಕೆಟ್ಟಿತು. ಜೂನ್ ಮಳೆಗಾಲದಲ್ಲಿ ಟೋಕಿಯೋದ ಗೋಡೆ ಕೂಡ ಬೆವರುತ್ತದೆ, ಆಗ ರಟ್ಟಿಗೆ ಕಂದು ಚುಕ್ಕೆ ಬೀಳುತ್ತದೆ. ಗೋಡೆಗೆ ಹಾಕಿದರೆ ಬಿಸಿಲಿನ ಭಯ, ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟಿನ ಭಯ. ರ್ಯೋಗೊಕು ರಸ್ತೆಯ ಕಂಚಿನ ಕೈಯೇ ವಾಸಿ, ಎಷ್ಟು ಸಲ ಬೇಕಾದರೂ ಮುಟ್ಟಬಹುದು.

ಇದಕ್ಕೆ ಎದುರು ನಿಲ್ಲುವುದು ಮರದಚ್ಚಿನ ಹಳೆಯ ಚಿತ್ರ. ಇದರಲ್ಲಿ ದುಡ್ಡು ಇನ್ನೂ ಜಾಸ್ತಿ, ಆದರೆ ಮೋಸದ ಭಯ ಕಡಿಮೆ. ತಮಾಷೆ ಅನ್ನಿಸಬಹುದು. ಕಾರಣ, ಚಿತ್ರವೇ ತನ್ನ ವಯಸ್ಸನ್ನು ಹೇಳುತ್ತದೆ.

ಕಾಂಡಾ ಜಿಂಬೊಚೊ ಹಳೆ ಪುಸ್ತಕದಂಗಡಿಗಳ ಬೀದಿ. ಅಲ್ಲಿನ ಒಂದು ಅಂಗಡಿಯಲ್ಲಿ 16,000 ಯೆನ್‌ಗೆ ನನಗೆ ತ್ಸುರುಗಿಜಾನ್ ಸಿಕ್ಕಿದ. 1840ರ ದಶಕದ ಹೆಸರಾಂತ ಓಜೆಕಿ ಇವನು, ಯೊಕೊಜುನಾಗೆ ಒಂದು ಮೆಟ್ಟಿಲು ಕೆಳಗಿನ ದರ್ಜೆ ಅದು. ಸುತ್ತ ಅಂಚು ಕತ್ತರಿಸಿದ್ದಾರೆ, ಮೊಣಕಾಲಿನ ಹತ್ತಿರ ಹುಳ ತಿಂದ ತೂತಿದೆ. ಅದಕ್ಕೇ ಆ ಬೆಲೆ. ಅಂಗಡಿಯ ಅಜ್ಜ ಮೊದಲು ಚಿತ್ರದ ಮುಖ ತೋರಿಸಲೇ ಇಲ್ಲ, ಮಗುಚಿ ಬೆನ್ನು ತೋರಿಸಿದರು. ಬಣ್ಣ ಕಾಗದದೊಳಗೆ ಇಳಿದು ಹಿಂದಕ್ಕೂ ಬಂದಿತ್ತು. ಕಾಗದವನ್ನು ಹಲಗೆ ಮೇಲಿಟ್ಟು ಉಜ್ಜಿದ ಸುತ್ತುಗೆರೆಗಳು ಸಣ್ಣಗೆ ಕಾಣುತ್ತಿದ್ದವು. ಆಮೇಲೆ ಮುಖ. ಸಹಿ ತೊಯೊಕುನಿ ಅಂತ ಇದೆ. ಬರೆದವನು ಕುನಿಸದ, 1844ರಲ್ಲಿ ಗುರುವಿನ ಹೆಸರನ್ನು ತಾನು ಇಟ್ಟುಕೊಂಡ. ಪಕ್ಕದಲ್ಲಿ ಸರ್ಕಾರದ ಪರೀಕ್ಷಕರ ಎರಡು ಗುಂಡು ಮುದ್ರೆ. ಹೀಗೆ ಜೋಡಿ ಮುದ್ರೆ ಒತ್ತುತ್ತಿದ್ದದ್ದು 1847ರಿಂದ 1852ರವರೆಗೆ. ಅಲ್ಲಿಗೆ ಐದಾರು ವರ್ಷದ ಒಳಗೆ ಚಿತ್ರದ ಹುಟ್ಟು ಸಿಕ್ಕಿತು. ತೆಗಾತಾದಲ್ಲಿ ಇಂಥ ಒಂದು ಸುಳಿವೂ ಇಲ್ಲ, ಮಾರುವವನ ಬಾಯಿಮಾತೇ ಗತಿ.

ಸುಮೋ ಚಿತ್ರಗಳಲ್ಲಿ ಪೈಲ್ವಾನರ ಮುಖ ನಿಜವಾದ ಮುಖವಾಗಿದ್ದು 1780ರ ದಶಕದಲ್ಲಿ, ಕತ್ಸುಕಾವಾ ಶುನ್‌ಶೊ ಮತ್ತು ಅವನ ಶಿಷ್ಯರ ಕೈಯಲ್ಲಿ. ಶಿಷ್ಯ ಶುನ್‌ಎಯ್ ಬರೆದ ರಾಯ್‌ದೆನ್ ಚಿತ್ರ ನೋಡಿದವರಿಗೆ ಗೊತ್ತು. 254 ಗೆಲುವು, ಬರೀ 10 ಸೋಲು ಕಂಡ ಮನುಷ್ಯ ಹೀಗೇ ನಿಂತಿರಬೇಕು ಅನ್ನಿಸುತ್ತದೆ. ಅಂಥದ್ದು ನನ್ನ ಜೇಬಿಗೆ ಎಟುಕುವ ಮಾತಲ್ಲ ಬಿಡಿ. ನನ್ನ ತ್ಸುರುಗಿಜಾನ್‌ನ ಹೊಟ್ಟೆಯ ಗೆರೆ ನೋಡಿದರೆ ಸಾಕು. ಎದೆಯ ಕೆಳಗಿಂದ ಸೊಂಟದ ಪಟ್ಟಿಯವರೆಗೆ ಒಂದೇ ಗೆರೆ, ಎಲ್ಲೂ ತಡೆಯದೆ ಇಳಿದಿದೆ. ಆ ಗೆರೆಯನ್ನು ಕುನಿಸದ ಬರೆದ, ಆದರೆ ಮರದಲ್ಲಿ ಅದನ್ನು ಉಳಿಸಿಕೊಂಡು ಸುತ್ತಲಿನದ್ದೆಲ್ಲ ಕೆತ್ತಿ ತೆಗೆದವನು ಬೇರೆ ಒಬ್ಬ. ಅವನ ಹೆಸರು ನನ್ನ ಹಾಳೆಯಲ್ಲಿಲ್ಲ.

ಭಾನುವಾರ ಮಧ್ಯಾಹ್ನ ಪರದೆ ಎಳೆದು ಇದನ್ನು ತೆಗೆದು ನೋಡುತ್ತೇನೆ. ತಿಂಗಳಿಗೊಮ್ಮೆ ಅಂತೂ ಖಂಡಿತ. ಬಿಸಿಲು ತಾಗಿದರೆ ಬಣ್ಣ ಹೋಗುತ್ತದೆ, ಹಾಗಾಗಿ ಇದಕ್ಕೂ ಗೋಡೆ ಭಾಗ್ಯ ಇಲ್ಲ. ಹಳೆಯದರ ತಲೆನೋವು ಬೇಡ ಅನ್ನುವವರಿಗೆ ಕಿನೋಶಿತಾ ದೈಮೋನ್ ಇದ್ದಾರೆ. ನಮ್ಮ ಕಾಲದ ರಿಕಿಶಿಗಳನ್ನೇ ಮರದಚ್ಚಿನಲ್ಲಿ ತಂದವರು. ಚೆನ್ನಾಗಿವೆ. ನನಗೆ ಮಾತ್ರ ಹುಳದ ತೂತು ಇರುವುದೇ ಇಷ್ಟ.

ಮೆಂಕೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳು ನೆಲಕ್ಕೆ ಬಡಿದು ಎದುರಾಳಿಯ ಚೀಟಿಯನ್ನು ಮಗುಚುವ ಆಟದ ರಟ್ಟಿನ ಚೀಟಿ ಇದು, ಒಂದಕ್ಕೆ 300 ಯೆನ್ ಕೊಟ್ಟೆ. ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟವರಿಗೆ ತಕ್ಷಣ ಹಿಡಿಸುತ್ತದೆ. ನನ್ನ ಹತ್ತಿರ ತಾಯ್‌ಹೊನ ಎರಡಿವೆ. 32 ಸಲ ಚಾಂಪಿಯನ್ ಆದವನು, 2015ರಲ್ಲಿ ಹಕುಹೊ ಮುರಿಯುವವರೆಗೆ ಆ ದಾಖಲೆ ನಿಂತಿತ್ತು. ಒಂದು ಚೀಟಿ ಈಗಷ್ಟೇ ಅಚ್ಚಾದಂತೆ ಹೊಸದು. ಇನ್ನೊಂದರ ನಾಲ್ಕೂ ಮೂಲೆ ಸವೆದು ಹತ್ತಿಯಾಗಿದೆ, ಹಿಂದೆ ಪೆನ್ಸಿಲ್‌ನಲ್ಲಿ ಯಾವುದೋ ಹುಡುಗ ಲೆಕ್ಕ ಬರೆದಿದ್ದಾನೆ. ಮೊದಲನೆಯದು ಪ್ಲಾಸ್ಟಿಕ್‌ನಲ್ಲಿದೆ, ಎರಡನೆಯದು ನನ್ನ ಪರ್ಸಿನಲ್ಲಿದೆ. ಇನ್ನು ಸೆಕಿತೊರಿಗಳ ಹೆಸರು ಹಾಕಿದ, ಯುಕಾತಾ ಅನ್ನುವ ಹತ್ತಿಯ ಕಿಮೊನೊ ಹೊಲಿಯುವ ಬಟ್ಟೆಯನ್ನೂ ಒಂದು ಸುತ್ತು ಕೊಂಡಿದ್ದೆ. ಅಡುಗೆಮನೆ ಕಿಟಕಿಗೆ ಪರದೆ ಹೊಲಿಸಿದೆ. ಒಗ್ಗರಣೆ ಹೊಗೆ ಕುಡಿದ ಮೇಲೆ ಅದನ್ನು ಸಂಗ್ರಹ ಅನ್ನುವ ಹಾಗಿಲ್ಲ.

ಈಗ ಬಾಂಜುಕೆ. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಇದಕ್ಕೇ. ನಾನು ಕೊಂಡಿದ್ದು 55 ಯೆನ್‌ಗೆ. ಆ ದುಡ್ಡಿಗೆ ಟೋಕಿಯೋದಲ್ಲಿ ಒಂದು ಬಾಟಲ್ ನೀರೂ ಕಷ್ಟ.

ಇದು ರ‍್ಯಾಂಕಿಂಗ್ ಪಟ್ಟಿ. ವರ್ಷಕ್ಕೆ ಆರು ಬಾಶೊ, ಅಂದರೆ ಪಂದ್ಯಾವಳಿ: ಜನವರಿ, ಮೇ, ಸೆಪ್ಟೆಂಬರ್ ಟೋಕಿಯೋದಲ್ಲಿ, ಮಾರ್ಚ್ ಒಸಾಕಾ, ಜುಲೈ ನಗೋಯಾ, ನವೆಂಬರ್ ಫುಕುಒಕಾ. ಪ್ರತಿ ಬಾಶೊಗೂ ಹೊಸ ಪಟ್ಟಿ. ಅದನ್ನು ಬರೆಯುವುದು ಕಂಪ್ಯೂಟರ್ ಅಲ್ಲ, ಗ್ಯೋಜಿ. ಕಣದಲ್ಲಿ ತೀರ್ಪು ಕೊಡುವವರೇ ಕುಂಚ ಹಿಡಿದು ದೊಡ್ಡ ಹಾಳೆಯ ಮೇಲೆ ಅಷ್ಟೂ ಹೆಸರು ಬರೆಯುತ್ತಾರೆ. ಅದನ್ನು ಚಿಕ್ಕದು ಮಾಡಿ ಅಚ್ಚು ಹಾಕುತ್ತಾರೆ. ಹರಡಿದರೆ 58 ಸೆಂ.ಮೀ. ಉದ್ದ, 44 ಸೆಂ.ಮೀ. ಅಗಲ. ಅಕ್ಷರಗಳ ನಡುವೆ ಬಿಳಿ ಜಾಗವೇ ಬಿಡುವುದಿಲ್ಲ. ಕೊಕುಗಿಕಾನ್‌ನಲ್ಲಿ ಒಂದು ಸೀಟೂ ಖಾಲಿ ಉಳಿಯದಿರಲಿ ಅನ್ನುವ ಹಾರೈಕೆಯಂತೆ. ನಡುಗಂಬದ ಮೇಲೆ ‘ಗೊಮೆನ್ ಕೋಮುರು’ ಅಂತ ದಪ್ಪಕ್ಷರ, ಅಪ್ಪಣೆ ಸಿಕ್ಕಿದೆ ಅಂತ ಅರ್ಥ. ಕುಸ್ತಿ ನಡೆಸೋಕೆ ಎದೊ ಕಾಲದ ಅಧಿಕಾರಿಗಳ ಪರವಾನಗಿ ಬೇಕಿತ್ತು. ಆ ಅಧಿಕಾರಿಗಳು ಹೋಗಿ ನೂರೈವತ್ತು ವರ್ಷ ದಾಟಿತು, ಸಾಲು ಇನ್ನೂ ಹೋಗಿಲ್ಲ.

ಮೇಲಿನ ಸಾಲಿನಲ್ಲಿ ಯೊಕೊಜುನಾ, ಓಜೆಕಿಗಳ ಹೆಸರು ಹೆಬ್ಬೆರಳಿನಷ್ಟು ದಪ್ಪ. ಕೆಳಗೆ ಬಂದ ಹಾಗೆ ಗೆರೆ ಸಣ್ಣದಾಗುತ್ತದೆ. ಐದನೇ ಸಾಲಿನ, ಎಲ್ಲಕ್ಕೂ ಕೆಳಗಿನ ಜೊನೊಕುಚಿ ದರ್ಜೆಯ ಹುಡುಗರ ಹೆಸರು ಕೂದಲೆಳೆ. ಆ ದರ್ಜೆಯವರಿಗೆ ಅಡ್ಡಹೆಸರೇ ‘ಭೂತಗನ್ನಡಿ’. ತೆಗಾತಾ ಒಬ್ಬನ ಕೈ, ಮರದಚ್ಚು ಒಬ್ಬನ ಮೈ. ಇದರಲ್ಲಿ ಯೊಕೊಜುನಾನಿಂದ ಹಿಡಿದು ಜೊನೊಕುಚಿಯ ಕೊನೆಯ ಹುಡುಗನವರೆಗೆ ಎಲ್ಲರೂ ಇದ್ದಾರೆ.

ಬಾಂಜುಕೆಯ ರುಚಿ ಗೊತ್ತಾಗುವುದು ಒಂದರಿಂದಲ್ಲ, ಸಾಲಾಗಿ ಇಟ್ಟಾಗ. ತೆರುನೊಫುಜಿಯ ಹೆಸರನ್ನು ಹೀಗೆ ಹಿಂಬಾಲಿಸಿದ್ದೇನೆ. ಒಮ್ಮೆ ಓಜೆಕಿ ಆಗಿದ್ದವನು. ಮೊಣಕಾಲು ಕೆಟ್ಟು, ಸಕ್ಕರೆ ಕಾಯಿಲೆ ಸೇರಿ, ಕೆಳಗೆ ಕೆಳಗೆ ಜಾರಿದ. 2019ರ ಮಾರ್ಚ್ ಹಾಳೆಯಲ್ಲಿ ಅವನಿರುವುದು ನಾಲ್ಕನೇ ಸಾಲಿನಲ್ಲಿ, ಕೆಳಗಿನಿಂದ ಎರಡನೇ ದರ್ಜೆಯಾದ ಜೊನಿದಾನ್‌ನ 48ನೇ ಜಾಗದಲ್ಲಿ. ದಪ್ಪಕ್ಷರದಲ್ಲಿದ್ದ ಹೆಸರನ್ನು ಅಲ್ಲಿ ಭೂತಗನ್ನಡಿ ಇಟ್ಟು ಹುಡುಕಬೇಕು. ಮುಂದಿನ ಹಾಳೆಗಳಲ್ಲಿ ಹತ್ತುತ್ತಾ ಬರುತ್ತಾನೆ. 2020ರ ಮೇ ಹಾಳೆಯಲ್ಲಿ ಮೊದಲ ಸಾಲಿನ ತುತ್ತತುದಿ, ಮಾಯೆಗಶಿರ 17, ಅಂದರೆ ಮಕುಉಚಿಯ ಕೊನೇ ಮೆಟ್ಟಿಲು.

ಆ ಮೇ ಹಾಳೆ ನನ್ನ ಪೆಟ್ಟಿಗೆಯ ರತ್ನ. ಪಟ್ಟಿ ಹೊರಬಂದ ಮೇಲೆ ಕೊರೊನಾದಿಂದ ಬಾಶೊ ರದ್ದಾಯಿತು. ನಡೆಯದೇ ಹೋದ ಪಂದ್ಯಾವಳಿಯ ಪಟ್ಟಿ. ಜುಲೈಗೆ ಹೊಸದು ಬರೆಯಲಿಲ್ಲ, ಅದೇ ರ‍್ಯಾಂಕಿಂಗ್ ಇಟ್ಟುಕೊಂಡು ನಗೋಯಾ ಬದಲು ಟೋಕಿಯೋದಲ್ಲೇ ಆಡಿಸಿದರು. ಗೆದ್ದವನು ಯಾರು? ತುತ್ತತುದಿಯ ತೆರುನೊಫುಜಿ. ಮರುವರ್ಷ ಸೆಪ್ಟೆಂಬರ್ ಹಾಳೆಯಲ್ಲಿ ಅವನು 73ನೇ ಯೊಕೊಜುನಾ. ಮೂರು ಹಾಳೆಯನ್ನೂ ನೆಲದ ಮೇಲೆ ಹಾಸಿ ಅದೆಷ್ಟು ಸಂಜೆ ಕೂತಿದ್ದೇನೋ.

ಕೊರತೆ ಇಲ್ಲವೇ? ಇದೆ. ಕನ್ನಡ ಓದುವವರಿಗೆ ಈ ಲಿಪಿ ಕಲ್ಲು. ದಪ್ಪಕ್ಷರದ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳನ್ನು, ಗುರುತು ಹಿಡಿಯೋಕೆ ನನಗೆ ಒಂದು ವರ್ಷ ಹಿಡಿಯಿತು. ಮಾರೋಕೆ ಹೋದರೆ ಬಿಡಿಗಾಸೂ ಹುಟ್ಟುವುದಿಲ್ಲ. ಅಂಚೆಯಲ್ಲಿ ಬಂದಿದ್ದಾದರೆ ಮಡಿಕೆ ಗೆರೆ ಹೋಗುವುದೇ ಇಲ್ಲ. ಆದರೆ ನಕಲಿ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ, ಅದೊಂದು ನೆಮ್ಮದಿ.

ಸಾಮಾನ್ಯವಾಗಿ ಬಾಶೊಗೆ 13 ದಿನ ಮುಂಚೆ, ಸೋಮವಾರ ಬೆಳಿಗ್ಗೆ ಹೊಸ ಪಟ್ಟಿ ಬರುತ್ತದೆ. ಅವತ್ತು ಆಫೀಸಿಗೆ ಸ್ವಲ್ಪ ಲೇಟ್. ನಾನು ಮೊದಲು ನೋಡುವುದು ಮೇಲಿನ ಸಾಲಲ್ಲ. ನಾಲ್ಕನೇ ಸಾಲಿನಲ್ಲಿ ನನಗೆ ಒಬ್ಬ ಹುಡುಗ ಇದ್ದಾನೆ. ಒಮ್ಮೆ ಬೆಳಿಗ್ಗೆ ಒಂಬತ್ತಕ್ಕೆ, ಸೀಟುಗಳೆಲ್ಲ ಖಾಲಿ ಹೊಡೆಯುತ್ತಿದ್ದಾಗ, ತನಗಿಂತ ಎರಡರಷ್ಟು ತೂಕದವನನ್ನು ಕಣದಿಂದ ಆಚೆ ಹಾಕಿದ್ದ. ಚಪ್ಪಾಳೆ ಹೊಡೆದವರು ಹತ್ತೋ ಹನ್ನೆರಡೋ ಮಂದಿ, ಅದರಲ್ಲಿ ನಾನೊಬ್ಬಳು. ಅವನ ದರ್ಜೆಯವರಿಗೆ ಒಂದು ಬಾಶೊದಲ್ಲಿ ಏಳೇ ಕುಸ್ತಿ. ಹೋದ ಸಲ ನಾಲ್ಕು ಗೆದ್ದಿದ್ದ. ಪಟ್ಟಿಯಲ್ಲಿ ಮೇಲೇರುವುದು ಅಂದರೆ ಹೆಸರು ಬಲಕ್ಕೆ ಸರಿಯುವುದು. ಭೂತಗನ್ನಡಿ ಇಟ್ಟು, ಹಳೆ ಹಾಳೆ ಪಕ್ಕದಲ್ಲಿಟ್ಟು ಎಣಿಸಿದೆ. ಹನ್ನೊಂದು ಹೆಸರು ಸರಿದಿದ್ದ. ಬೆರಳಿಟ್ಟು ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.

“ಎಲ್ಲೇ ಇದಾನೆ? ನಿನ್ನ ಉಗುರು ಬಿಟ್ಟು ಏನೂ ಕಾಣ್ತಿಲ್ಲ” ಅಂತ ಬಂತು.