ಫೋಲ್ಜರ್ ಮುದ್ರಣದ ಒಥೆಲೊ: ಎಡಪುಟದಲ್ಲಿ ಅರ್ಥ, ಬಲಪುಟದಲ್ಲಿ ಮೋಸ
ನಾನು ಕಾಮರ್ಸ್ ಓದಿದವಳು. ಶೇಕ್ಸ್‌ಪಿಯರ್ ಇಂಗ್ಲಿಷ್ ಅಂದರೆ ಭಯವೇ. ಅವನ ಒಥೆಲೊ ನಾಟಕದ ಈ ಪುಸ್ತಕ ಆ ಭಯ ಬಿಡಿಸಿತು. ಬಲಪುಟದಲ್ಲಿ ನಾಟಕ, ಎದುರಿನ ಎಡಪುಟದಲ್ಲಿ ಕಷ್ಟದ ಪದಗಳ ಅರ್ಥ. ಪ್ರತಿ ದೃಶ್ಯಕ್ಕೂ ಮೊದಲು ಚಿಕ್ಕ ಸಾರಾಂಶ.

ಒಥೆಲೊ ಒಬ್ಬ ಸೇನಾಪತಿ; ಅವನ ಕೈಕೆಳಗಿನ ಇಯಾಗೊ ಅವನ ತಲೆಯಲ್ಲಿ ಹೆಂಡತಿ ಡೆಸ್ಡಿಮೋನಾಳ ಬಗ್ಗೆ ಅನುಮಾನ ತುಂಬುತ್ತಾನೆ, ಅದು ಎಲ್ಲರಿಗೂ ಗೊತ್ತು. ಹೇಗೆ ತುಂಬುತ್ತಾನೆ ಅನ್ನುವುದನ್ನು ಮಾತ್ರ ನಿಧಾನವಾಗಿ ಓದಬೇಕು. ಮೂರನೇ ಅಂಕದ ಮೂರನೇ ದೃಶ್ಯ ನೋಡಿ. ಒಥೆಲೊನ ಇನ್ನೊಬ್ಬ ಅಧಿಕಾರಿ ಕ್ಯಾಸಿಯೊ ಡೆಸ್ಡಿಮೋನಾಳ ಬಳಿಯಿಂದ ಹೊರಟಿದ್ದನ್ನು ಕಂಡು ಇಯಾಗೊ ‘ಇದು ನನಗೆ ಹಿಡಿಸಲಿಲ್ಲ’ ಎಂದು ಗೊಣಗುತ್ತಾನೆ. ಕೇಳಿದರೆ ಏನಿಲ್ಲ ಅನ್ನುತ್ತಾನೆ. ಬಾಯಿ ಬಿಡಿಸುವ ಕೆಲಸ ಒಥೆಲೊನದ್ದೇ! ಇನ್ನೂ ಕೆಟ್ಟದ್ದೆಂದರೆ, ನಿಜವನ್ನೂ ಅವನು ಆಯುಧ ಮಾಡಿಕೊಳ್ಳುತ್ತಾನೆ. ಡೆಸ್ಡಿಮೋನಾ ಅಪ್ಪನಿಗೆ ಹೇಳದೆ ಮದುವೆಯಾದವಳು ಅಲ್ವಾ? ಅಪ್ಪನಿಗೆ ಮೋಸ ಮಾಡಿದವಳು ಎಂದು ಅದನ್ನೇ ನೆನಪಿಸುತ್ತಾನೆ.

ಆಮೇಲೆ ಆ ಕರವಸ್ತ್ರ, ಒಥೆಲೊ ಡೆಸ್ಡಿಮೋನಾಗೆ ಕೊಟ್ಟ ಉಡುಗೊರೆ. ಅದು ಕೆಳಗೆ ಬಿದ್ದಾಗ ಅವಳ ಸಖಿ ಎಮಿಲಿಯಾ ಅದನ್ನು ಎತ್ತಿ ಗಂಡ ಇಯಾಗೊಗೆ ಕೊಡುತ್ತಾಳೆ. ಡೆಸ್ಡಿಮೋನಾ ಕೇಳಿದಾಗ ಗೊತ್ತಿಲ್ಲ ಅನ್ನುತ್ತಾಳೆ. ಡೆಸ್ಡಿಮೋನಾ ಕೂಡ ಗಂಡನಿಗೆ ಹೆದರಿ, ಕಳೆದಿಲ್ಲ ಎಂದು ಸುಳ್ಳು ಹೇಳುತ್ತಾಳೆ. ನನಗೆ ಇಯಾಗೊಗಿಂತ ಎಮಿಲಿಯಾ ಮೇಲೆ ಜಾಸ್ತಿ ಸಿಟ್ಟು ಬಂತು. ಕೊನೆಯಲ್ಲಿ ಜೀವ ಕೊಟ್ಟು ನಿಜ ಹೇಳುವವಳೂ ಅವಳೇ, ಸರಿ. ಆದರೂ!

ನಾಟಕದ 1622ರ ಮುದ್ರಣಕ್ಕೂ 1623ರ ಫೋಲಿಯೊಗೂ (ಶೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಗ್ರಹ) ಇರುವ ವ್ಯತ್ಯಾಸದ ಬಗ್ಗೆಯೂ ವಿವರ ಇದೆ. ನಾನು ಅದನ್ನು ಸುಮ್ನೆ ತಿರುವಿ ಹಾಕಿದೆ. ಆನ್‌ಲೈನ್‌ನಲ್ಲಿ ಮಾರಿದವರು ತೆಳ್ಳನೆ ಕವರಿನಲ್ಲಿ ಕಳಿಸಿ ಮೂಲೆ ಮಡಚಿಸಿದ್ದರು. ಆದ್ದರಿಂದ ಪುಸ್ತಕಕ್ಕೆ ಐದು, ಪ್ಯಾಕಿಂಗ್‌ಗೆ ಎರಡು ಸ್ಟಾರ್.